ನೌಕೆ ನಿಲ್ಲಿಸುವುದು ಹೇಗೆ

ಮೊದಲನೆಯ ಮಂಗಳವಾರವೇ ನಾನು ಮೂರು ಸಲ ಸತ್ತೆ. ಮೂರು ಸಲವೂ ಒಂದೇ ಥರ. ಬಾಹ್ಯಾಕಾಶದ ನಿಲ್ದಾಣ ಎದುರಿಗೆ ಕಾಣುತ್ತಿತ್ತು, ನೌಕೆ ಅದರ ಕಡೆಗೇ ಹೋಗುತ್ತಿತ್ತು, ನಾನು ನಿಲ್ಲು ನಿಲ್ಲು ಎಂದು ಬಾಯಿ ಬಡಿದುಕೊಳ್ಳುತ್ತಿದ್ದೆ, ಅದು ನಿಲ್ಲಲಿಲ್ಲ. ಪರದೆ ಬೆಳ್ಳಗಾಗಿ, ಆಮೇಲೆ ಕಪ್ಪಗಾಗಿ, 'ನಿಮ್ಮ ನೌಕೆ ನಾಶವಾಗಿದೆ' ಎಂಬ ಅಕ್ಷರ ಮೂಡಿತು. ಪಕ್ಕದಲ್ಲಿ ನಿಂತಿದ್ದ ಈರಭದ್ರಪ್ಪ ಮೇಷ್ಟ್ರು, "ಪರ್ವಾಗಿಲ್ಲ ದೇವೀರಮ್ಮ, ಈ ಊರಲ್ಲಿ ಎಲ್ಲರೂ ಅಲ್ಲೇ ಸತ್ತಿರೋದು. ನಾನೇ ನೂರಾ ಹನ್ನೆರಡು ಸಲ," ಎಂದರು.

ಮೇಷ್ಟ್ರು ಮೊದಲು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು, ಈಗ ವಾಚನಾಲಯ ನೋಡಿಕೊಳ್ಳುತ್ತಾರೆ. ಯಾವುದೋ ಇಲಾಖೆಯವರು ಜನರಿಗೆ ಜ್ಞಾನ ಬರಲಿ ಎಂದು ಈ ಆಟದ ಯಂತ್ರವನ್ನು ದೋಣಿಯಲ್ಲಿ ಕಳಿಸಿಕೊಟ್ಟಿದ್ದರು. ಒಂದು ಕುರ್ಚಿ, ಅದರ ಮುಂದೆ ಮೂರು ಪರದೆ, ಬಲಗೈಗೊಂದು ಹಿಡಿ, ಎಡಗೈಗೊಂದು ಸನ್ನೆಕೋಲು, ಕಾಲಿಗೆ ಎರಡು ಪೆಡಲ್ಲು. ನಾನು ಖಾರದ ಪುಡಿ ಮಿಷನ್ನು ನಡೆಸುವವಳು. ಮಂಗಳವಾರ ನನಗೆ ರಜೆ. ಅವತ್ತು ಊರು ಸುತ್ತಿ ಅಕ್ಕನ ಮನೆಗೆ ಹೋಗುವಾಗ ಅರ್ಧ ದಾರಿಯಲ್ಲಿ ವಾಚನಾಲಯ ಸಿಗುತ್ತದೆ. ಕಾಲು ಸೋತಿತ್ತು, ಒಂದು ಖಾಲಿ ಕುರ್ಚಿ ಕಂಡಿತು, ಕೂತೆ. ಅದು ಎಂಥ ಕುರ್ಚಿ ಎಂದು ಆಮೇಲೆ ಗೊತ್ತಾಯಿತು.

ಅಕ್ಕನ ಮನೆ ನನ್ನ ಮನೆಯ ಪಕ್ಕದಲ್ಲೇ ಇದೆ, ಎಡಗಡೆಗೆ. ಅದಕ್ಕೇ ಊರು ಸುತ್ತಬೇಕು.

ನಮ್ಮೂರಿಗಿರುವುದು ಒಂದೇ ಬೀದಿ. ದೊಡ್ಡದೊಂದು ಬಂಡೆಯ ಸುತ್ತ ಅದು ಬಳೆಯ ಹಾಗೆ ಹೋಗಿ ತನ್ನನ್ನೇ ಸೇರುತ್ತದೆ. ಒಳಮಗ್ಗುಲಿಗೆ ಮನೆಗಳು, ಅವುಗಳ ಬೆನ್ನಿಗೆ ಬಂಡೆ. ಹೊರಮಗ್ಗುಲಿಗೆ ನೀರು. ಮನೆಯೊಳಗೆ ಹೇಗೆ ಬೇಕಾದರೂ ತಿರುಗಾಡಿಕೊಳ್ಳಿ, ಬೀದಿಗಿಳಿದರೆ ಬಲಕ್ಕೆ. ಬಲಗಡೆಯ ಮನೆಗೆ ಎಂಟು ಹೆಜ್ಜೆ, ಎಡಗಡೆಯ ಮನೆಗೆ ಒಂದು ಗಂಟೆ. ಕೊಡೆ ಮರೆತವರು ನೆನೆದುಕೊಂಡೇ ಒಂದು ಸುತ್ತು ಹಾಕುತ್ತಾರೆ. ಜಗಳ ಮಾಡಿಕೊಂಡು ಹೊರಟ ಗಂಡಸು ಸುತ್ತು ಮುಗಿಸಿ ಮನೆ ಸೇರುವಷ್ಟರಲ್ಲಿ ಸಿಟ್ಟು ಇಳಿದು ಹಸಿವು ಏರಿರುತ್ತದೆ. ಬೀದಿಯಲ್ಲಿ ನಾವು ಒಬ್ಬರನ್ನೊಬ್ಬರು ಗುರುತು ಹಿಡಿಯುವುದು ಬೆನ್ನು ನೋಡಿ. ನಮ್ಮ ದರ್ಜಿಗಳು ರವಿಕೆಯ ಕಸೂತಿಯನ್ನೆಲ್ಲ ಬೆನ್ನಿಗೇ ಹಾಕುತ್ತಾರೆ. ಹಿತ್ತಲ ಕಡೆಯಿಂದ ಹೋಗಬಾರದೇ ಎಂದು ಕೇಳುವವರು ನಮ್ಮೂರನ್ನು ನೋಡಿದವರಲ್ಲ. ಹಿತ್ತಲು ಯಾರಿಗಿದೆ?

ಅಕ್ಕನ ಮನೆಗೂ ನನ್ನ ಮನೆಗೂ ನಡುವೆ ಒಂದು ಮೊಳದ ಸಂದಿ, ಅದರಲ್ಲಿ ಮೋರಿ. ಆಚೆ ಈಚೆ ಗೋಡೆಗಳಲ್ಲಿ ಎದುರುಬದುರು ಬೆಳಕಿಂಡಿ. ಕಿಂಡಿಯಲ್ಲಿ ಮಾತಾಡುತ್ತೇವೆ. ಬಿದಿರುಕೋಲಿನ ತುದಿಗೆ ಕಟ್ಟಿ ಉಪ್ಪು, ಮಾತ್ರೆ, ಕರಿಬೇವು ದಾಟಿಸುತ್ತೇವೆ. ಅವಳು ಕೆಮ್ಮಿದರೆ ನನಗೆ ಎಚ್ಚರ, ನಾನು ಸೀನಿದರೆ "ಚಿರಂಜೀವಿ" ಅನ್ನುತ್ತಾಳೆ. ಮೆಣಸಿನಕಾಯಿ ಪುಡಿ ಮಾಡುವವಳು ದಿನಕ್ಕೆ ಎಷ್ಟು ಸಲ ಸೀನುತ್ತಾಳೆ, ಅಷ್ಟೂ ಸಲ. ಆದರೆ ಆಳು ಬಿದಿರುಕೋಲಿನಲ್ಲಿ ದಾಟುವುದಿಲ್ಲವಲ್ಲ. ಅಕ್ಕನಿಗೆ ಎರಡು ಮಂಡಿಯೂ ಹೋಗಿವೆ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದಳು. ಬೀದಿಯಲ್ಲಿ ಹೋಗುವವರನ್ನು ಕೂಗಬಹುದಿತ್ತು, ಆದರೆ ಬಚ್ಚಲಲ್ಲಿ ಬಿದ್ದ ಹೆಂಗಸು ಯಾರನ್ನು ಕೂಗಿಯಾಳು? ನಾನು ಹೋಗಿ ಎತ್ತುವಷ್ಟರಲ್ಲಿ ಒಂದು ಗಂಟೆ ಒದ್ದೆ ನೆಲದಲ್ಲೇ ಮಲಗಿದ್ದಳು.

ನನ್ನ ಮನೆಗೆ ಕರೆದುಕೊಂಡು ಬರೋಣವೆಂದರೆ ನನ್ನ ಮನೆ ಮುಕ್ಕಾಲು ಪಾಲು ಮಿಷನ್ನು, ಅವಳಿಗೆ ದಮ್ಮು. ನಾನೇ ಅಲ್ಲಿರೋಣವೆಂದರೆ ಬೆಳಗ್ಗೆ ಮಿಷನ್ನಿಗೆ ಬಂದವಳು ಅವಳು ಕೂಗಿದಾಗಲೆಲ್ಲ ಒಂದೊಂದು ಸುತ್ತು ಹೊಡೆಯಬೇಕು. ಕೊನೆಗೆ ನಮ್ಮ ದೊಡ್ಡಪ್ಪನ ಮಗ ಓಂಕಾರಿ, ಊರಿನ ಆಚೆ ಬದಿಯಲ್ಲಿರುವವನು, ಒಂದು ದಾರಿ ಹೇಳಿದ. ಅಕ್ಕನನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾನೆ, ಅವನ ಹೆಂಡತಿ ನೋಡಿಕೊಳ್ಳುತ್ತಾಳೆ. "ನೀನು ವಾರಕ್ಕೊಂದು ಸಲ ಅರ್ಧ ಸುತ್ತು ಬಾ, ಅರ್ಧ ಸುತ್ತು ಹೋಗು. ಈಗ್ಲೂ ಒಂದು ಸುತ್ತು, ಆಗ್ಲೂ ಒಂದು ಸುತ್ತು. ನಿಂಗೇನು ನಷ್ಟ?" ಎಂದ. ಊರಿನವರೆಲ್ಲ ತಲೆದೂಗಿದರು. ನಾನೂ ತಲೆದೂಗಿದೆ. ಮೂರು ವಾರ ಬಿಟ್ಟು ಬುಧವಾರ ಗಾಡಿ ತರುವುದೆಂದು ಆಯಿತು. ಅಕ್ಕನ ಕೆಮ್ಮು ಕೇಳಿಸದ ಮನೆಯಲ್ಲಿ ನಾನು ಹೇಗಿರಲಿ ಎಂದು ಯಾರನ್ನು ಕೇಳುವುದು? ಓಂಕಾರಿ ಒಳ್ಳೆಯವನು. ಒಳ್ಳೆಯವರ ಹತ್ತಿರ ಜಗಳ ಕಾಯುವುದು ಕಷ್ಟ.

ಇಂಥ ತಲೆಬಿಸಿಯಲ್ಲಿ ನಾನು ಆ ಕುರ್ಚಿಯಲ್ಲಿ ಕೂತಿದ್ದು. ಮೇಷ್ಟ್ರು ಸನ್ನೆಯನ್ನು ಮುಂದಕ್ಕೆ ತಳ್ಳಲು ಹೇಳಿದರು, ತಳ್ಳಿದೆ. ಕುರ್ಚಿ ಗಡಗಡ ನಡುಗಿತು. ಪರದೆಯಲ್ಲಿ ನೆಲ ಕೆಳಕ್ಕೆ ಹೋಯಿತು, ಮೋಡ ಬಂತು, ಮೋಡ ಹೋಯಿತು, ನೀಲಿಯೆಲ್ಲ ಕರಗಿ ಕಪ್ಪಾಯಿತು, ಆ ಕಪ್ಪಿನೊಳಗಿಂದ ನಕ್ಷತ್ರಗಳು ಎದ್ದವು. "ಅಯ್ಯಯ್ಯಪ್ಪಾ!" ಎಂದು ನಾನು ಕೂಗಿದ್ದಕ್ಕೆ ಪೇಪರು ಓದುತ್ತಿದ್ದ ನಾಲ್ಕು ಮಂದಿ ಕತ್ತೆತ್ತಿ ನೋಡಿದರು. ಮೂವತ್ತು ವರ್ಷ ಖಾರದ ಘಾಟಿಗೆ ಕಣ್ಣು ಕಿರಿದು ಮಾಡಿಕೊಂಡೇ ಬದುಕಿದವಳು ನಾನು. ಅವತ್ತು ಎರಡೂ ಕಣ್ಣನ್ನು ಪೂರ್ತಿ ತೆರೆದೆ, ನೀರು ಬರಲಿಲ್ಲ. ಇಷ್ಟು ವಯಸ್ಸಿಗೆ ಹೀಗೆ ಎದೆ ಹಾರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಆದರೆ ಒಂದೂ ಅರ್ಥವಾಗಲಿಲ್ಲ. ಮೇಲೆ ಯಾವುದು ಎಂದರೆ ಮೇಷ್ಟ್ರು, "ಅಲ್ಲಿ ಮೇಲೆ ಕೆಳಗೆ ಇಲ್ಲ ಕಣಮ್ಮ," ಎಂದರು. ಹಿಡಿಯನ್ನು ಒಂದು ಚೂರು ಎಳೆದರೆ ಆಕಾಶವೇ ಗಿರಗಿರ ತಿರುಗುತ್ತಿತ್ತು. ಎಲ್ಲಕ್ಕಿಂತ ವಿಚಿತ್ರವೆಂದರೆ ನಾನು ಸನ್ನೆಯಿಂದ ಕೈ ತೆಗೆದರೂ ನೌಕೆ ಹೋಗುತ್ತಲೇ ಇತ್ತು.

"ಮೇಷ್ಟ್ರೇ, ಕೈ ಬಿಟ್ಟಿದ್ದೀನಿ! ಆದ್ರೂ ಹೋಗ್ತಿದೆ!"

"ಅಲ್ಲಿ ಗಾಳಿ ಇಲ್ಲ, ನೆಲ ಇಲ್ಲ. ತಡೆಯೋಕೆ ಯಾರಿದ್ದಾರೆ? ಒಂದ್ಸಲ ಹೊರಟ್ರೆ ಹೊರಟ ಹಾಗೇ."

"ಮತ್ತೆ ನಿಲ್ಲಿಸೋದು ಹೇಗೆ?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಅದೇ ಗೊತ್ತಾಗ್ತಿಲ್ಲ," ಎಂದರು.

ಪರದೆಯ ಮೂಲೆಯಲ್ಲಿ ಎರಡು ಅಂಕಿಗಳಿದ್ದವು, ಒಂದು ದೂರ, ಇನ್ನೊಂದು ವೇಗ. ದೂರ ಇಳಿಯುತ್ತಿತ್ತು, ವೇಗ ಇಳಿಯುತ್ತಿರಲಿಲ್ಲ. ನಿಲ್ದಾಣ ಗೋಲಿಯಷ್ಟಾಯಿತು, ಕೊಬ್ಬರಿ ಗಿಟುಕಿನಷ್ಟಾಯಿತು, ಅದರ ಕಿಟಕಿಗಳಲ್ಲಿ ದೀಪ ಉರಿಯುವುದು ಕಂಡಿತು, ಬಾಗಿಲು ತೆರೆದೇ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಢಮಾರ್! ಮೂರನೆಯ ಸಾವಿನ ಹೊತ್ತಿಗೆ ನನ್ನ ಸೆರಗೆಲ್ಲ ಬೆವರಿನಲ್ಲಿ ಒದ್ದೆಯಾಗಿತ್ತು. ಅಕ್ಕನಿಗೆ ತಂದಿದ್ದ ಬಸ್ಸಾರು ತಣ್ಣಗಾಗಿತ್ತು. "ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಅಕ್ಕ ಕೇಳಿದಾಗ, "ನಕ್ಷತ್ರದ ಹತ್ರ," ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಎರಡನೆಯ ಮಂಗಳವಾರ ಐದು ಸಲ ಸತ್ತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಯಂತ್ರವೇ ಸರಿಯಿಲ್ಲ ಎಂದು ರೇಗಿದೆ. ಮೇಷ್ಟ್ರಿಗೆ ಬೇಜಾರಾಗಿ ಯಂತ್ರದ ಜೊತೆ ಬಂದಿದ್ದ ಪುಸ್ತಕವನ್ನು ತಂದು ನನ್ನ ತೊಡೆಯ ಮೇಲಿಟ್ಟರು, ನೀನೇ ಓದಿಕೊ ಎಂದು. ಹನ್ನೊಂದನೆಯ ಪುಟದ ತಲೆಯಲ್ಲಿ 'ನೌಕೆ ನಿಲ್ಲಿಸುವುದು ಹೇಗೆ' ಎಂದಿತ್ತು. ಅದರ ಕೆಳಗೆ ಒಂದು ಚೀಟಿ ಅಂಟಿಸಿತ್ತು, ಚೀಟಿಯ ಮೇಲೆ ಮೇಷ್ಟ್ರ ದುಂಡು ಅಕ್ಷರದಲ್ಲಿ 'ನಿಧಾನವಾಗಿ ಹೋಗಿ'. ನಾನು ಉಗುರಿನಿಂದ ಚೀಟಿ ಕಿತ್ತೆ. ಅಡಿಯಲ್ಲಿ ಅಚ್ಚಾಗಿದ್ದ ಮಾತು ಇದು: ನೌಕೆಯ ಮುಖವನ್ನು ಬಂದ ದಿಕ್ಕಿಗೆ ತಿರುಗಿಸಿ, ಎಂಜಿನ್ ಹೊತ್ತಿಸಿ.

"ಇದೇನು ಮೇಷ್ಟ್ರೇ?"

"ಅಚ್ಚಿನ ತಪ್ಪು ಕಣಮ್ಮ. ಓದೋರಿಗೆ ಗೊಂದಲ ಆಗ್ಬಾರ್ದು ಅಂತ ಮುಚ್ಚಿದೆ. ನೀನೇ ಹೇಳು, ಮುಂದಕ್ಕೆ ಹೋಗ್ತಾ ಇರೋರು ಯಾರಾದ್ರೂ ಬಂದ ಕಡೆ ಮುಖ ಮಾಡ್ತಾರಾ?"

ನನಗೂ ಸರಿಯೆನಿಸಿತು. ಯಾರು ಮಾಡುತ್ತಾರೆ? ಚೀಟಿಯನ್ನು ಎಂಜಲು ಹಚ್ಚಿ ಮತ್ತೆ ಅಂಟಿಸಿದೆ. ಇಬ್ಬರೂ ಸ್ವಲ್ಪ ನಕ್ಕೆವು ಕೂಡ. ಆ ಪುಸ್ತಕ ಬರೆದವರು ಎಂಥ ಊರಿನವರೋ ಎಂದು.

ಆದರೆ ಆ ವಾರವೆಲ್ಲ ಮಿಷನ್ನಿಗೆ ಮೆಣಸಿನಕಾಯಿ ಸುರಿಯುತ್ತ ಅದೇ ಮಾತು ತಲೆಯಲ್ಲಿ ಸುತ್ತಿತು. ಮುಖ ಬಂದ ಕಡೆಗೆ ತಿರುಗಿದರೆ ಮೈ ಯಾವ ಕಡೆಗೆ ಹೋಗುತ್ತದೆ? ಒಬ್ಬರ ಬ್ಯಾಡಗಿ ಇನ್ನೊಬ್ಬರ ಗುಂಟೂರಿನ ಜೊತೆ ಸೇರಿಹೋಗಿ ಇಬ್ಬರಿಂದಲೂ ಬೈಸಿಕೊಂಡೆ. ಕಿಂಡಿಯ ಆಚೆ ಅಕ್ಕ ಟ್ರಂಕಿಗೆ ಸೀರೆ ತುಂಬುತ್ತಿದ್ದಳು. ಟ್ರಂಕಿನ ಮುಚ್ಚಳ ತೆಗೆದಿದ್ದು, ಹಾಕಿದ್ದು, ಮತ್ತೆ ತೆಗೆದಿದ್ದು ಕೇಳಿಸುತ್ತಿತ್ತು. ಏನನ್ನು ಒಯ್ಯುವುದು, ಏನನ್ನು ಬಿಡುವುದು ಎಂದು ಅವಳಿಗೂ ತಿಳಿಯುತ್ತಿರಲಿಲ್ಲ.

ಮೂರನೆಯ ಮಂಗಳವಾರ. ಮಾರನೆಯ ದಿನ ಗಾಡಿ ಬರುವುದಿತ್ತು. ನಾನು ಕುರ್ಚಿಯಲ್ಲಿ ಕೂತು ಹಿಂದಿನ ಹಾಗೆಯೇ ಹಾರಿದೆ, ಕಪ್ಪಿಗೆ ಬಂದೆ, ನಿಲ್ದಾಣದ ಕಡೆ ಹೊರಟೆ. ಅರ್ಧ ದಾರಿಯಲ್ಲಿ ಎಂಜಿನ್ ನಿಲ್ಲಿಸಿ ಹಿಡಿಯನ್ನು ಎಡಕ್ಕೆ ಒತ್ತಿದೆ. ಒತ್ತಿದೆ ಎನ್ನುವುದು ಸುಲಭ. ಕೈ ಒಪ್ಪಲಿಲ್ಲ. ಹೆಬ್ಬೆರಳು ಮರಗಟ್ಟಿತು, ಕಿವಿಯಲ್ಲಿ ಗುಂಯ್ ಎಂದಿತು, ಮಗು ತಪ್ಪು ಮಾಡಿದಾಗ ಆಗುವಂಥ ಭಯ ಆಯಿತು. ಎಡಗೈಯನ್ನೂ ತಂದು ಬಲಗೈಯ ಮೇಲಿಟ್ಟು ಎರಡೂ ಕೈಯಿಂದ ತಳ್ಳಿದೆ. ನಕ್ಷತ್ರಗಳು ಪರದೆಯಲ್ಲಿ ಅಡ್ಡಡ್ಡ ಹರಿದವು. ನಿಲ್ದಾಣ ಪಕ್ಕಕ್ಕೆ ಸರಿದು ಕಾಣದಾಯಿತು. ಪೇಪರು ಓದುತ್ತಿದ್ದವರಲ್ಲಿ ಒಬ್ಬರು ಕಣ್ಣು ಮುಚ್ಚಿಕೊಂಡರು, ಇನ್ನೊಬ್ಬರು ಎದ್ದು ಹೊರಗೆ ಹೋದರು.

ಆಮೇಲೆ ಪರದೆಯ ತುಂಬ ನಾನು ಬಿಟ್ಟುಬಂದ ಜಾಗ ಬಂತು. ದುಂಡಗೆ, ನೀಲಿಯಾಗಿ, ಮೇಲೆ ಬಿಳಿಯ ಮೋಡ ಹರಡಿಕೊಂಡು. ಎಂಟು ಸಲ ಅಲ್ಲಿಂದ ಹಾರಿದ್ದೆ, ಒಂದು ಸಲವೂ ಅದು ಹೇಗಿದೆ ಎಂದು ನೋಡಿರಲಿಲ್ಲ. ನನ್ನ ಮುಖ ಅದರ ಕಡೆಗಿತ್ತು, ಆದರೆ ನಾನು ಅದರಿಂದ ದೂರವೇ ಹೋಗುತ್ತಿದ್ದೆ. ಇದೇನು, ಬರುತ್ತಿದ್ದೇನೋ ಹೋಗುತ್ತಿದ್ದೇನೋ? ತಲೆ ಚಿಟ್ಟೆನ್ನುತ್ತಿತ್ತು. ಕಣ್ಣು ಮುಚ್ಚಿ ಸನ್ನೆಯನ್ನು ತಳ್ಳಿದೆ. ಕುರ್ಚಿ ನಡುಗಿತು. ಮೇಷ್ಟ್ರು ಒಮ್ಮೆಲೇ, "ದೇವೀರಮ್ಮ, ವೇಗ ಇಳೀತಿದೆ!" ಎಂದು ಕಿರುಚಿದರು. ಎಂಟುನೂರು, ಮುನ್ನೂರು, ತೊಂಬತ್ತು, ಹನ್ನೊಂದು, ನಾಲ್ಕು. ಬೆನ್ನ ಹಿಂದೆ ಎಲ್ಲೋ ಟಕ್ ಎಂದಿತು, ಬಾಗಿಲ ಚಿಲಕ ಬಿದ್ದಂತೆ. ಪರದೆಯಲ್ಲಿ 'ಸ್ವಾಗತ' ಎಂದು ಬಂತು. ಊರಲ್ಲಿ ಯಾರೂ ಆ ಅಕ್ಷರವನ್ನು ಕಂಡಿರಲಿಲ್ಲ.

"ಇನ್ನೊಂದ್ಸಲ ಮಾಡಮ್ಮ," ಎಂದರು ಮೇಷ್ಟ್ರು. ಮಾಡಿದೆ. ಮತ್ತೆ ಸ್ವಾಗತ. ಅವರು ನನ್ನ ಕೈ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದರು, ಸುಟ್ಟಿದೆಯೋ ಏನೋ ಎಂಬಂತೆ. ಆಮೇಲೆ ಹನ್ನೊಂದನೆಯ ಪುಟ ತೆಗೆದು ತಮ್ಮ ಚೀಟಿಯನ್ನು ಕಿತ್ತು ಜೇಬಿಗಿಟ್ಟುಕೊಂಡರು.

"ಆಟ ಬೇರೆ, ಬೀದಿ ಬೇರೆ ಅಲ್ವಾ ದೇವೀರಮ್ಮ?"

"ಬೇರೆ ಮೇಷ್ಟ್ರೇ."

"ಹೌದು, ಬೇರೆ," ಎಂದು ಅವರೂ ಹೇಳಿದರು. ಇಬ್ಬರ ದನಿಯಲ್ಲೂ ಗಟ್ಟಿತನವಿರಲಿಲ್ಲ. ಹೊರಗೆ ಬಂದು ಬಲಕ್ಕೆ ನಡೆದೆ. ಮುಂದೆ ಹೋಗುವವರ ಬೆನ್ನುಗಳನ್ನು ನೋಡುತ್ತ ನೋಡುತ್ತ ಅಕ್ಕನ ಮನೆ ಬಂದದ್ದೇ ತಿಳಿಯಲಿಲ್ಲ.

ಬುಧವಾರ ಬೆಳಗ್ಗೆ ಮಿಷನ್ನು ಓಡುತ್ತಿತ್ತು. ಹುಳಿಪುಡಿಗೆ ಹುರಿದ ಸಾಮಾನು ತಂದ ನಾಲ್ಕು ಹೆಂಗಸರು ಕಾಯುತ್ತಿದ್ದರು. ಕಿಂಡಿಯಲ್ಲಿ ಅಕ್ಕನ ದನಿ ಬಂತು.

"ದೇವೀ, ಓಂಕಾರಿ ಈಗ ಬಂದ್ಬಿಡ್ತಾನೆ."

"ಹೂಂ ಕಣಕ್ಕ."

"ಕೈ ಎತ್ತೋಕಾಗ್ತಿಲ್ಲ ಕಣೇ ಇವತ್ತು. ತಲೆ ಬಿಚ್ಕೊಂಡು ಕೂತಿದ್ದೀನಿ, ಬಾಚ್ಕೊಳ್ಳೋಕೆ ಆಗ್ತಿಲ್ಲ. ಹೀಗೇ ಹೋಗ್ಲಾ ಇನ್ನೊಬ್ರ ಮನೆಗೆ? ಹುಚ್ಚಿ ಹಾಗೆ?"

ಅವಳು ಅಳುತ್ತಿದ್ದಳು. ನನ್ನ ಅಕ್ಕ ಮಂಡಿ ನೋವಿಗೆ ಅತ್ತವಳಲ್ಲ, ಬಚ್ಚಲಲ್ಲಿ ಬಿದ್ದಾಗ ಅತ್ತವಳಲ್ಲ. ಜಡೆಗೆ ಅಳುತ್ತಿದ್ದಳು. ನಾನು ಹೊರಟು ಸುತ್ತಿ ಬರುವಷ್ಟರಲ್ಲಿ ಗಾಡಿ ಬಂದು ಹೋಗಿರುತ್ತದೆ. ನಾನು ಮಿಷನ್ನು ಆರಿಸಿದೆ. ಬಾಚಣಿಗೆ ತೆಗೆದುಕೊಂಡೆ. ಬೀದಿಗಿಳಿದೆ.

ಬಲಗಾಲು ತಾನಾಗಿ ಬಲಕ್ಕೆ ಹೋಗಿಬಿಟ್ಟಿತ್ತು. ಅಲ್ಲೇ ನಿಂತೆ. ನನ್ನ ಹಿಂದೆ ಬರುತ್ತಿದ್ದವರು ಗೊಣಗುತ್ತ ಪಕ್ಕದಿಂದ ದಾಟಿ ಹೋದರು. ಮೈ ತಿರುಗಿಸಲು ಹೋದರೆ ಆಗುತ್ತಿರಲಿಲ್ಲ. ಮೊದಲು ಮುಖ, ಎಂದುಕೊಂಡೆ. ಕತ್ತು ತಿರುಗಿಸಿದೆ. ಎರಡೂ ಕೈಯಿಂದ ನನ್ನ ಸೊಂಟವನ್ನೇ ಹಿಡಿದು ತಳ್ಳಿದೆ. ಕಿವಿಯಲ್ಲಿ ಅದೇ ಗುಂಯ್. ಬೀದಿ ಅಡ್ಡಡ್ಡ ಹರಿಯಿತು, ನೀರು ಬಂತು, ಬಂಡೆ ಬಂತು, ಆಮೇಲೆ ಮುಖಗಳು ಬಂದವು. ಬೀದಿಯ ತುಂಬ ಮುಖಗಳು, ಎಲ್ಲವೂ ನನ್ನ ಕಡೆಗೇ ಬರುತ್ತಿದ್ದವು. ಬೀದಿಯಲ್ಲಿ ನಡೆಯುವಾಗ ನಮ್ಮ ಜನರ ಮುಖ ಇಷ್ಟು ಸಪ್ಪಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಜ್ಜಿಗೆ ಕೊಡ ಹೊತ್ತವಳೊಬ್ಬಳು ನನ್ನನ್ನು ಕಂಡು ನಿಂತುಬಿಟ್ಟಳು, ಅವಳಿಗೆ ಹಿಂದಿನವರು ಡಿಕ್ಕಿ ಹೊಡೆದರು. ಯಾರೂ ಬಯ್ಯಲಿಲ್ಲ. ಏನೆಂದು ಬಯ್ಯಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಆಕಾಶ ಬೀಳಲಿಲ್ಲ, ನನ್ನ ಕಾಲು ಮುರಿಯಲಿಲ್ಲ. ಎಂಟು ಹೆಜ್ಜೆ ಇಟ್ಟೆ. ಅಕ್ಕನ ಬಾಗಿಲು.

ಅವಳು ಚಾಪೆಯ ಮೇಲೆ ಕೂದಲು ಹರವಿಕೊಂಡು ಕೂತಿದ್ದಳು. ಪಕ್ಕದಲ್ಲಿ ಟ್ರಂಕು. ನನ್ನನ್ನು ನೋಡಿದಳು, ಕಿಂಡಿಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. "ಈಗ ತಾನೆ ಅಲ್ಲಿದ್ದೆ," ಎಂದಳು.

"ಅಲ್ಲಿಂದಾನೇ ಬಂದೆ."

"ಹೇಗೆ?"

"ತಿರುಗಿ ಬಂದೆ ಕಣಕ್ಕ. ತಿರುಗಬಹುದು. ಆಗುತ್ತೆ."

ನಾನು ಹಿಂದೆ ಕೂತು ಎಣ್ಣೆ ಹಚ್ಚಿ ಸಿಕ್ಕು ಬಿಡಿಸತೊಡಗಿದೆ. ನನಗೆ ಖುಷಿಯಾಗಿತ್ತು, ನಗು ಬರುತ್ತಿತ್ತು. ಇನ್ನು ನೀನು ಎಲ್ಲಿಗೂ ಹೋಗಬೇಡ, ದಿನಕ್ಕೆ ಹತ್ತು ಸಲ ಬರುತ್ತೇನೆ, ನೀರು ಬೇಕೆಂದರೆ ನೀರು, ಬಚ್ಚಲೆಂದರೆ ಬಚ್ಚಲು ಎಂದು ಒಂದೇ ಸಮನೆ ಒದರುತ್ತಿದ್ದೆ. ಅಕ್ಕ ಬಾಗಿಲ ಕಡೆ ನೋಡುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು, ಹೆಜ್ಜೆ ಎಣಿಸುತ್ತಿದ್ದಳೆಂದು ಕಾಣುತ್ತದೆ.

"ಅವ್ವ ಹೋಗಿದ್ದು ಇದೇ ಜಾಗದಲ್ಲಿ. ಬೆಳಗ್ಗೆ ಇಷ್ಟೇ ಹೊತ್ತು. ನಾನು ಕಿಂಡೀಲಿ ಕೂಗಿದೆ. ನೀನು ಓಡ್ಕೊಂಡೇ ಬಂದೆ, ಪೂರ್ತಿ ಓಡ್ಕೊಂಡೇ, ಚಪ್ಪಲಿ ಕೂಡ ಹಾಕಿರ್ಲಿಲ್ಲ."

"ಅಕ್ಕ, ಬೇಡ."

"ದೇವಿ ಬಂದ್ಲಾ ಅಂತ ಕೇಳ್ತಾನೇ ಇದ್ಲು. ದಾರೀಲಿದ್ದಾಳೆ ಅವ್ವ, ಬರ್ತಿದ್ದಾಳೆ ಅಂತ ಹೇಳ್ತಾನೇ ಇದ್ದೆ ನಾನು. ಮುಕ್ಕಾಲು ಗಂಟೆ ಹೇಳಿದೀನಿ ಕಣೇ."

ನನ್ನ ಕೈ ನಿಂತಿತು. ಖುಷಿಯೆಲ್ಲ ಎಲ್ಲಿ ಹೋಯಿತೋ. ಎಂಟು ಹೆಜ್ಜೆಯ ದಾರಿಯನ್ನು ನಾನು ಅವತ್ತು ಬೆನ್ನ ಹಿಂದೆ ಬಿಟ್ಟು ಓಡಿದ್ದೆ, ಒಂದೊಂದು ಹೆಜ್ಜೆಗೂ ಅವ್ವನಿಂದ ದೂರ ಓಡಿದ್ದೆ, ಅವಳ ಹತ್ತಿರ ಹೋಗುತ್ತಿದ್ದೇನೆ ಎಂದುಕೊಂಡು. ಯಾರೂ ನನ್ನನ್ನು ಹಿಡಿದಿರಲಿಲ್ಲ. ಬೇಡ ಎಂದವರೂ ಯಾರೂ ಇರಲಿಲ್ಲ. ಇದನ್ನು ಯಾರ ಮೇಲೆ ಹೊರಿಸಲಿ? ನಾನು ಅಕ್ಕನ ಬೆನ್ನಿಗೆ ಹಣೆಯಿಟ್ಟು ಅತ್ತೆ. ಅವಳು ತಿರುಗಲಾರದೆ, ಕೈಯನ್ನು ಹಿಂದಕ್ಕೆ ಚಾಚಿ ನನ್ನ ತಲೆಯನ್ನು ಹುಡುಕಿದಳು. ಸಿಕ್ಕಿದ್ದು ಕಿವಿ. ಅದನ್ನೇ ಹಿಡಿದುಕೊಂಡಳು.

ಓಂಕಾರಿ ಗಾಡಿ ನಿಲ್ಲಿಸಿ ಒಳಗೆ ಬಂದ. ನಾನು ಅಲ್ಲಿರುವುದು ಕಂಡು, "ದೇವಕ್ಕ ಆಗ್ಲೇ ಬಂದಿದೀಯಾ? ಒಳ್ಳೇದಾಯ್ತು. ಹೊರಡೋಣ್ವಾ?" ಎಂದು ಟ್ರಂಕಿಗೆ ಕೈ ಹಾಕಿದ.

"ಟ್ರಂಕು ಇರ್ಲಿ ಕಣಪ್ಪ," ಎಂದಳು ಅಕ್ಕ. "ನೀನು ಗಾಡಿ ಹೊಡ್ಕೊಂಡು ಹೋಗು. ನಾನು ಬರಲ್ಲ. ಯಾಕೆ ಅಂತ ನಾಳೆ ಹೇಳ್ತೀನಿ. ಇವತ್ತೇ ಕೇಳ್ಬೇಡ. ನಿಮ್ಮನೆಗೂ ಎಡಗಡೆ ಯಾರ್ಯಾರು ಕಾದು ಕಾದು ಹೋದ್ರೋ ಏನೋ."

ಅವನಿಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದ. ನಾನು ಮುಖ ಒರೆಸಿಕೊಂಡು ಜಡೆ ಹೆಣೆಯತೊಡಗಿದೆ.

"ಬೈತಲೆ ಸೊಟ್ಟ ಆಗಿದೆ ಕಣೇ," ಎಂದಳು ಅಕ್ಕ. "ಬಿಚ್ಚಿ ಮತ್ತೆ ಬಾಚು. ಈಗೇನು ಅವಸರ?"

ನಾನು ಜಡೆ ಬಿಚ್ಚಿದೆ.